10×12 ಕೋಣೆಯಲ್ಲಿ ಎಲೆಕ್ಟ್ರಾನಿಕ್ ಜಾಝ್: ಬುಕ್‌ಶೆಲ್ಫ್ ಸ್ಪೀಕರ್ ಕೂರಿಸುವ, ಕೇಳುವ ಬಗೆ

ಎಲೆಕ್ಟ್ರಾನಿಕ್ ಜಾಝ್ ಸಂಗೀತದಲ್ಲಿ ಎರಡು ಬಗೆಯ ದನಿಗಳು ಒಟ್ಟಿಗೆ ಇರುತ್ತವೆ. ಒಂದು, ಮನುಷ್ಯರು ಊದಿದ್ದು, ಮೀಟಿದ್ದು, ಬಾರಿಸಿದ್ದು. ಇನ್ನೊಂದು, ಯಂತ್ರ ಹುಟ್ಟಿಸಿದ್ದು, ಇಲ್ಲವೇ ಹಳೆಯ ರೆಕಾರ್ಡಿನಿಂದ ಒಂದು ತುಂಡು ಕತ್ತರಿಸಿ ಮತ್ತೆ ಮತ್ತೆ ತಿರುಗಿಸಿದ್ದು. ನಮ್ಮ ಕಡೆ ಅಜ್ಜಿಯರು ಹೊಲಿಯುವ ಕೌದಿಯ ಹಾಗೆ ಇದು. ಹಳೆ ಸೀರೆಯ ತುಂಡು ಯಾವುದು, ಹೊಸ ದಾರ ಯಾವುದು ಎಂದು ಕಣ್ಣಿಗೆ ಕಾಣುತ್ತದೆ, ಚಂದ ಇರುವುದೂ ಅಲ್ಲೇ. ಈ ಸಂಗೀತದಲ್ಲಿ ಆ ಹೊಲಿಗೆ ಕಿವಿಗೆ ಕೇಳಿಸಬೇಕು. ಫೋನಿನ ಸ್ಪೀಕರ್‌ನಲ್ಲಿ ಕೇಳಿಸುವುದಿಲ್ಲ. ಮೂಲೆಗೆ ತಳ್ಳಿದ ದೊಡ್ಡ ಹೋಮ್ ಥಿಯೇಟರ್‌ನಲ್ಲೂ ಕೇಳಿಸುವುದಿಲ್ಲ, ಅಲ್ಲಿ ಬೇಸ್, ಅಂದರೆ ತಗ್ಗಿನ ದನಿಗಳು, ಎಲ್ಲ ಸೇರಿ ಒಂದೇ ಗುಂಯ್ ಆಗಿಬಿಡುತ್ತದೆ. ಒಂದು ಜೊತೆ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್, ಅಂದರೆ ಕಪಾಟಿನಲ್ಲಿ ಹಿಡಿಸುವಷ್ಟು ಚಿಕ್ಕ ಸ್ಪೀಕರ್, ಸರಿಯಾದ ಜಾಗದಲ್ಲಿ ಇಟ್ಟರೆ ಸಾಕು.

ನಾನು ಧಾರವಾಡದ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಮಾಳಮಡ್ಡಿಯಲ್ಲಿ ಬಾಡಿಗೆ ಮನೆ, ಕೇಳುವ ಕೋಣೆ 10 ಅಡಿಗೆ 12 ಅಡಿ. ಊರಿನ ಬೈಠಕ್‌ಗಳಲ್ಲಿ ಮೈಕಿಲ್ಲದ ತಬಲಾ, ತಂಬೂರಿ ಕೇಳುತ್ತಾ ಬೆಳೆದವನು. ತಬಲಾದ ಎಡಗೈಯ ಡಗ್ಗಾದ ಮೇಲೆ ಅಂಗೈ ಜಾರಿಸಿದಾಗ ನಾದ ಹೇಗೆ ಏರುತ್ತದೆ ಅನ್ನುವುದು ಕಿವಿಯಲ್ಲೇ ಇದೆ. ಸ್ಪೀಕರ್ ಅಳೆಯಲು ನನಗೆ ಅದೇ ಮಾಪಕ. ನಿಮಗೂ ಹತ್ತಿರದಿಂದ ಕೇಳಿ ಗೊತ್ತಿರುವ ವಾದ್ಯ ಒಂದಾದರೂ ಇದ್ದೇ ಇರುತ್ತದೆ, ಡೊಳ್ಳಾಗಲಿ, ಹಾರ್ಮೋನಿಯಂ ಆಗಲಿ. ಅದರ ಒಂದು ಒಳ್ಳೆಯ ರೆಕಾರ್ಡಿಂಗ್ ಹುಡುಕಿ ಇಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತದೆ.

ನನ್ನ ಹತ್ತಿರ ಇರುವುದು ಎಲಾಕ್ ಡೆಬ್ಯೂ ಬಿ5.2. ತಗ್ಗಿನ ದನಿಗೆ ಐದೂಕಾಲು ಇಂಚಿನ ವೂಫರ್, ಮೇಲಿನ ದನಿಗೆ ಒಂದು ಇಂಚಿನ ಟ್ವೀಟರ್, ಗಾಳಿ ಬಿಡುವ ಪೋರ್ಟ್ ಮುಂದೆ. ವಾರ್ಫ್‌ಡೇಲ್, ಕ್ಯೂ ಅಕೂಸ್ಟಿಕ್ಸ್, ಡಾಲಿ, ಕೆಇಎಫ್ ಕಂಪನಿಗಳ ಈ ಅಳತೆಯ ಸ್ಪೀಕರ್‌ಗಳಿಗೂ ಮುಂದೆ ಹೇಳುವುದೆಲ್ಲ ಹೊಂದುತ್ತದೆ. ಯಾವುದನ್ನು ಕೊಳ್ಳಬೇಕು ಎಂದು ತಿಂಗಳುಗಟ್ಟಲೆ ಯೋಚಿಸುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ: ಆ ಸಮಯದಲ್ಲಿ ಅರ್ಧ ಭಾಗ ಕೋಣೆಗೆ ಕೊಡಿ.

ಮೊದಲು ಕೋಣೆ

ನಮ್ಮ ಮನೆಗಳ ಕೋಣೆ ಅಂದರೆ ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಮೇಲೆ ಆರ್‌ಸಿಸಿ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ಚರ್ ಎಂದು ಒಂದು ಸಣ್ಣ ಬಾಲ ಕೇಳಿಸಿದರೆ, ನೀವು ಕೇಳುವ ಸಿಂಬಲ್‌ಗಳಿಗೂ (ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆಗಳಿಗೂ) ಅದೇ ಬಾಲ ಅಂಟಿಕೊಳ್ಳುತ್ತದೆ. ಜಾಝ್ ಡ್ರಮ್ಮರ್ ಸಿಂಬಲ್ ಮೇಲೆ ಕೋಲಿನ ತುದಿಯಿಂದ ಟಿಂಗ್ ಅನ್ನಿಸುವುದು, ಬ್ರಷ್‌ನಿಂದ ಸವರುವುದು, ಎರಡೂ ಬರೀ ಗಲಾಟೆಯಾಗಿ ಕೇಳುತ್ತವೆ. ಇದಕ್ಕೆ ಮದ್ದು ಅಗ್ಗ. ಸ್ಪೀಕರ್‌ಗೂ ನಿಮಗೂ ನಡುವಿನ ನೆಲಕ್ಕೆ ದಪ್ಪನೆಯ ಜಮಖಾನ ಹಾಸಿ. ನಮ್ಮ ಜಿಲ್ಲೆಯದೇ ನವಲಗುಂದದ ಜಮಖಾನ ಇದ್ದರೆ ಇನ್ನೂ ಒಳ್ಳೆಯದು, ಹತ್ತಿಯ ದಪ್ಪ ನೇಯ್ಗೆ. ಕಿಟಕಿಗೆ ಭಾರದ ಪರದೆ ಹಾಕಿ. ಪುಸ್ತಕ ತುಂಬಿದ ಕಪಾಟು ಇದ್ದರೆ ನೀವು ಕೂರುವ ಜಾಗದ ಹಿಂದಿನ ಗೋಡೆಗೆ ಸರಿಸಿ, ಎತ್ತರ ತಗ್ಗಿನ ಪುಸ್ತಕಗಳು ಶಬ್ದವನ್ನು ಚದುರಿಸುತ್ತವೆ.

ಪಕ್ಕದ ಗೋಡೆಯಲ್ಲಿ ಎಲ್ಲಿ ಬಟ್ಟೆ ತೂಗುಹಾಕಬೇಕು ಎಂದು ತಿಳಿಯಲು ಕನ್ನಡಿ ಬೇಕು. ನೀವು ಕೇಳುವ ಜಾಗದಲ್ಲಿ ಕುಳಿತುಕೊಳ್ಳಿ. ಇನ್ನೊಬ್ಬರು ಕನ್ನಡಿಯನ್ನು ಗೋಡೆಗೆ ಒತ್ತಿಕೊಂಡು ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಶಬ್ದ ಬಡಿದು ನಿಮ್ಮ ಕಿವಿಗೆ ಹಾರುವ ಜಾಗ. ನಮ್ಮ ಮನೆಯಲ್ಲಿ ಅಲ್ಲಿ ಅವ್ವನ ಕೌದಿಯನ್ನೇ ತೂಗುಹಾಕಿದ್ದೇವೆ.

ಆದರೆ ಜಮಖಾನ, ಪರದೆ, ಕೌದಿ ಇವೆಲ್ಲ ಮೇಲಿನ ದನಿಗಳಿಗೆ ಮಾತ್ರ. ಬೇಸ್ ಇವುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ಕಥೆ ಬೇರೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ 10 ಅಡಿ, ಅಂದರೆ 3.05 ಮೀಟರ್ ಇದ್ದರೆ, ಸುಮಾರು 56 ಹರ್ಟ್ಜ್‌ನ (ಸೆಕೆಂಡಿಗೆ 56 ಸಲ ಕಂಪಿಸುವ) ನಾದ ಆ ಗೋಡೆಗಳ ನಡುವೆ ಸಿಕ್ಕಿಹಾಕಿಕೊಂಡು ಮೊಳಗುತ್ತದೆ. 12 ಅಡಿಗೆ ಅದು ಸುಮಾರು 47 ಹರ್ಟ್ಜ್. ನಮ್ಮ ಕೋಣೆಯ ಎತ್ತರವೂ 10 ಅಡಿ, ಹಾಗಾಗಿ 56ರ ಹತ್ತಿರ ಎರಡು ಪಟ್ಟು ತೊಂದರೆ. ಈಗ ಡಬಲ್ ಬೇಸ್ ನೋಡಿ, ಜಾಝ್‌ನಲ್ಲಿ ನಿಂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ. ಅದರ ನಾಲ್ಕು ತಂತಿಗಳನ್ನು ಬೆರಳೊತ್ತದೆ ಮೀಟಿದರೆ ಬರುವ ನಾದ 41, 55, 73, 98 ಹರ್ಟ್ಜ್. ಎರಡನೆಯ ತಂತಿ 55! ಬೇಸ್ ವಾದಕ ಆ ತಂತಿ ಮುಟ್ಟಿದಾಗಲೆಲ್ಲ ಕೋಣೆಯೇ ಗುಂಯ್ಗುಟ್ಟುತ್ತದೆ, ಮುಂದಿನ ಸ್ವರಕ್ಕೆ ಹೋದರೆ ಸಪ್ಪೆ. ಜನ ಸ್ಪೀಕರ್ ಕೆಟ್ಟದ್ದು ಅಂದುಕೊಳ್ಳುತ್ತಾರೆ. ಕೆಲಸ ಮಾಡಿದ್ದು ಗೋಡೆ.

ಇದನ್ನು ನೀವೇ ಪತ್ತೆ ಹಚ್ಚಬಹುದು. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಳ್ಳಿ. ಫೋನನ್ನು ಸ್ಪೀಕರ್‌ಗೆ ಜೋಡಿಸಿ, ಸಣ್ಣ ವಾಲ್ಯೂಮ್‌ನಲ್ಲಿ 40ರಿಂದ 100 ಹರ್ಟ್ಜ್‌ವರೆಗೆ ನಿಧಾನವಾಗಿ ಏರಿಸಿ. ಎಲ್ಲಿ ಉಬ್ಬುತ್ತದೆ, ಎಲ್ಲಿ ಮಾಯವಾಗುತ್ತದೆ ಬರೆದುಕೊಳ್ಳಿ. ಉಬ್ಬಿದ ಕಡೆ ಟೋನ್ ಹಾಗೇ ಮೊಳಗಲು ಬಿಟ್ಟು, ಎದ್ದು ಕೋಣೆಯಲ್ಲಿ ಓಡಾಡಿ. ಗೋಡೆಯ ಹತ್ತಿರ ಜೋರು, ನಡುವೆ ಕಡಿಮೆ, ಮೂಲೆಯಲ್ಲಿ ಅತಿ ಜೋರು. ಒಮ್ಮೆ ಹೀಗೆ ನಡೆದಾಡಿದರೆ ಕುರ್ಚಿ ಎಲ್ಲಿ ಇಡಬಾರದು ಅನ್ನುವುದು ಮರೆಯುವುದೇ ಇಲ್ಲ. ಇದೇ ಹೊತ್ತಿಗೆ ನಡುಗುವ ಸಾಮಾನೂ ಸಿಕ್ಕಿಬೀಳುತ್ತವೆ: ಸ್ಟೀಲ್ ತಿಜೋರಿಯ ಹಿಡಿಕೆ, ಕಿಟಕಿಯ ಗಾಜು, ಗೋಡೆಯ ಫೋಟೋ. ಹಿಡಿಕೆಯ ಸಂದಿಗೆ ಮಡಚಿದ ಕಾಗದ, ಫೋಟೋದ ಹಿಂದೆ ಸಣ್ಣ ರಬ್ಬರ್ ತುಂಡು ಸಾಕು.

ಎಲ್ಲಿ ಇಡಬೇಕು

ನಮ್ಮ ಕೋಣೆಯ ಅಳತೆ ಹೇಳುತ್ತೇನೆ, ನೀವು ಅಲ್ಲಿಂದ ಶುರುಮಾಡಿ ಕಿವಿಗೆ ತಕ್ಕಂತೆ ಸರಿಸಿಕೊಳ್ಳಿ. ಸ್ಪೀಕರ್‌ಗಳು 10 ಅಡಿಯ ಗೋಡೆಯ ಕಡೆ, ಕೋಣೆಯ ಉದ್ದಕ್ಕೆ ಮುಖ ಮಾಡಿ. ಸ್ಪೀಕರ್ ಬೆನ್ನಿಗೂ ಗೋಡೆಗೂ ಒಂದೂವರೆ ಅಡಿ. ಎರಡೂ ಸ್ಪೀಕರ್‌ಗಳ ನಡುವೆ 6 ಅಡಿ. ನಾನು ಕೂರುವುದು ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದೆ, ಕೋಣೆಯ ಅಗಲದ ಸರಿಯಾಗಿ ನಡುವೆ. ಆಗ ಪ್ರತಿ ಸ್ಪೀಕರ್ ನನ್ನಿಂದ 6 ಅಡಿ ದೂರದಲ್ಲಿ ಬರುತ್ತದೆ, ಮೂರೂ ಬದಿ ಸಮನಾದ ತ್ರಿಕೋನ. ಅಗಲದ ನಡುವೆ ಕೂತರೆ ಪಕ್ಕದ ಗೋಡೆಗಳ ಆ 56 ಹರ್ಟ್ಜ್ ಗುಂಯ್ ಅಲ್ಲೇ ಅತಿ ಕಡಿಮೆ. ಮಂಚ, ಕಪಾಟು ಇರುವ ಕೋಣೆಯಲ್ಲಿ ಇಷ್ಟು ಜಾಗ ಯಾವಾಗಲೂ ಸಿಗುವುದಿಲ್ಲ ಅಲ್ವಾ? ಹಾಗಿದ್ದರೆ ತ್ರಿಕೋನವನ್ನೇ ಚಿಕ್ಕದು ಮಾಡಿ, 5 ಅಡಿಯ ತ್ರಿಕೋನವೂ ಚೆನ್ನಾಗಿಯೇ ಕೇಳುತ್ತದೆ. ಹತ್ತಿರ ಕೂತಷ್ಟೂ ಗೋಡೆಯ ಪಾಲು ಕಡಿಮೆ. ಎರಡು ಮಾತು ಮಾತ್ರ ಮರೆಯಬೇಡಿ: ಬೆನ್ನು ಗೋಡೆಗೆ ಹಚ್ಚಿ ಕೂರಬೇಡಿ. ಸ್ಪೀಕರನ್ನು ಷೋಕೇಸಿನ ಖಾನೆಯೊಳಗೆ ತುರುಕಬೇಡಿ.

ಟ್ವೀಟರ್ ನಿಮ್ಮ ಕಿವಿಯ ಮಟ್ಟಕ್ಕೆ ಬರಬೇಕು. ಕುರ್ಚಿಯಲ್ಲಿ ಕೂರುವವರಿಗೆ 24 ಇಂಚಿನ ಸ್ಟ್ಯಾಂಡ್ ಸರಿಹೋಗುತ್ತದೆ. ನಾನು ಜಮಖಾನದ ಮೇಲೆ ನೆಲದಲ್ಲೇ ಕೂರುವವನು, ಹಾಗಾಗಿ ನನ್ನದು ಇನ್ನೂ ಗಿಡ್ಡ. ಹತ್ತಿರದ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಕಬ್ಬಿಣದ ಚೌಕ ಪೈಪಿಗೆ ಮೇಲೆ ಕೆಳಗೆ ತಟ್ಟೆ ಬೆಸೆಸಿ, ಪೈಪಿನೊಳಗೆ ಒಣ ಮರಳು ತುಂಬಿಸಿದೆ. ಮರಳು ತುಂಬಿದರೆ ಪೈಪು ಗಂಟೆಯಂತೆ ದನಿಗೂಡಿಸುವುದಿಲ್ಲ. ಸ್ಪೀಕರ್ ಕೆಳಗೆ ನಾಲ್ಕು ಮೂಲೆಗೆ ರಬ್ಬರ್ ಇಡಿ.

ಆಮೇಲೆ ಸ್ಪೀಕರ್‌ಗಳನ್ನು ಸ್ವಲ್ಪ ಒಳಮುಖ ಮಾಡಿ, ಎರಡರ ನೋಟವೂ ನಿಮ್ಮ ತಲೆಯ ಒಂದು ಅಡಿ ಹಿಂದೆ ಸೇರುವಷ್ಟು. ಹೆಚ್ಚು ತಿರುಗಿಸಿದರೆ ಸಿಂಬಲ್ ಚುಚ್ಚುತ್ತದೆ, ಕಡಿಮೆ ತಿರುಗಿಸಿದರೆ ನಡುವಿನ ಹಾಡುಗಾರ ಮಸುಕಾಗುತ್ತಾನೆ.

ತಂತಿ, ಆಂಪ್, ಫೋನ್

ಇದನ್ನು ಬೇಗ ಮುಗಿಸುತ್ತೇನೆ. ಎರಡು ಮೂರು ಮೀಟರ್ ದೂರಕ್ಕೆ 1.5 ಸ್ಕ್ವೇರ್ ಎಂಎಂನ ಎಳೆ ಎಳೆ ತಾಮ್ರದ ತಂತಿ ಸಾಕು, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಸಾವಿರಗಟ್ಟಲೆ ಕೊಟ್ಟು ಕೇಬಲ್ ಕೊಳ್ಳಬೇಡಿ, ಲ್ಯಾಬಿನಲ್ಲಿ ಅಳೆಯುವವನಾಗಿ ಇದನ್ನು ಒತ್ತಿ ಹೇಳುತ್ತೇನೆ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಕಡೆ ಅದಲುಬದಲಾದರೆ ಬೇಸ್ ತೆಳುವಾಗಿ, ಹಾಡುವವರ ದನಿ ಎಲ್ಲಿಂದ ಬರುತ್ತಿದೆ ಎಂದೇ ಗೊತ್ತಾಗುವುದಿಲ್ಲ.

ಆಂಪ್ಲಿಫೈಯರ್ ಚಾನೆಲ್‌ಗೆ, ಅಂದರೆ ಒಂದೊಂದು ಸ್ಪೀಕರ್‌ಗೆ, 50 ವ್ಯಾಟ್ ಇದ್ದರೆ ಈ ಕೋಣೆಗೆ ಧಾರಾಳ. ನನ್ನ ಸ್ಪೀಕರ್‌ನ ಸೆನ್ಸಿಟಿವಿಟಿ 86 ಡೆಸಿಬೆಲ್, ಅಂದರೆ ಸುಮಾರು ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಶಬ್ದ. ಆರು ಅಡಿ ದೂರದಲ್ಲಿ 75 ಡೆಸಿಬೆಲ್‌ನಲ್ಲಿ ಕೇಳಲು ಕಾಲು ವ್ಯಾಟ್ ಕೂಡ ಬೇಕಾಗುವುದಿಲ್ಲ. ಆದರೆ ಡ್ರಮ್ಮರ್ ಸ್ನೇರ್ ಡ್ರಮ್ ಮೇಲೆ ಒಂದು ಏಟು ಕೊಟ್ಟಾಗ ಶಬ್ದ ಥಟ್ಟನೆ 20 ಡೆಸಿಬೆಲ್ ಏರಬಹುದು, ಅದಕ್ಕೆ ನೂರು ಪಟ್ಟು ವಿದ್ಯುತ್ ಬೇಕು. ಉಳಿದ ವ್ಯಾಟ್‌ಗಳು ಇರುವುದು ಆ ಏಟಿಗಾಗಿ.

ಫೋನಿನಿಂದ ಬ್ಲೂಟೂತ್‌ನಲ್ಲಿ ಕೇಳಬಹುದು, ತಪ್ಪೇನಿಲ್ಲ. ಆದರೆ ಡಿಜಿಟಲ್ ಅಂಕಿಗಳನ್ನು ದನಿಯ ಸಂಕೇತವಾಗಿಸುವ ಒಂದು ಸಣ್ಣ ಯುಎಸ್‌ಬಿ ಡ್ಯಾಕ್ ಹಾಕಿ ತಂತಿಯಲ್ಲೇ ಕೊಟ್ಟರೆ 16 ಬಿಟ್, 44.1 ಕಿಲೋಹರ್ಟ್ಜ್‌ನ ಸಿಡಿ ಗುಣಮಟ್ಟ ಪೂರ್ತಿ ತಲುಪುತ್ತದೆ. ಆ್ಯಪ್‌ನಲ್ಲಿ ಮೂರು ಕೆಲಸ ಮಾಡಿ: ಗುಣಮಟ್ಟ ಅತಿ ಹೆಚ್ಚಿಗೆ ಇಡಿ, ಈಕ್ವಲೈಸರ್ ಆಫ್ ಮಾಡಿ, ಒಂದು ಹಾಡಿನ ಕೊನೆಯನ್ನು ಇನ್ನೊಂದರ ಮೇಲೆ ಹರಿಸುವ ಕ್ರಾಸ್‌ಫೇಡ್ ಆಫ್ ಮಾಡಿ.

ಈಗ ಕೇಳುವುದು

ನಾನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಕೇಳುತ್ತೇನೆ. ಮೊದಲು ಬೇಸ್ ಹಿಡಿದುಕೊಳ್ಳಿ, ಆಮೇಲೆ ಡ್ರಮ್ಸ್, ಆಮೇಲೆ ಉಳಿದದ್ದು. ಟ್ರಂಪೆಟ್, ಸ್ಯಾಕ್ಸೊಫೋನ್ ಹೇಗೂ ಕಿವಿಗೆ ಬಂದು ಬೀಳುತ್ತವೆ. ಬೇಸನ್ನು ಹುಡುಕಿಕೊಂಡು ಹೋಗಬೇಕು.

ಮೊದಲ ರೆಕಾರ್ಡ್ ‘ಟೂರಿಸ್ಟ್’. ಸೇಂಟ್ ಜರ್ಮೇನ್ ಎಂಬ ಹೆಸರಿನಲ್ಲಿ ಫ್ರಾನ್ಸಿನ ಲುಡೋವಿಕ್ ನವಾರ್ ಮಾಡಿದ್ದು, 2000ದಲ್ಲಿ ಜಾಝ್‌ನ ಹೆಸರಾಂತ ಬ್ಲೂ ನೋಟ್ ಲೇಬಲ್‌ನಿಂದ ಬಂತು. ಅದರ ಮೊದಲ ಹಾಡು ‘ರೋಸ್ ರೂಜ್’ ಹಾಕಿ. ಬೇಸ್ ಮತ್ತು ಸಿಂಬಲ್ ಸುತ್ತು ಹಾಕುತ್ತಾ ಹೋಗುತ್ತವೆ. ಆಮೇಲೆ ಒಂದು ಹೆಂಗಸಿನ ದನಿ. ಅದು ಮಾರ್ಲೀನಾ ಶಾ 1973ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೂನಲ್ಲಿ ಸಭೆಯ ಮುಂದೆ ಹಾಡಿದ ಹಾಡಿನಿಂದ ಕತ್ತರಿಸಿದ ತುಂಡು. ಆ ದನಿಯ ಸುತ್ತ ಬೇರೆಯದೇ ಒಂದು ಗಾಳಿ ಇದೆ, ಬೇರೆ ಊರಿನ, ಬೇರೆ ವರ್ಷದ ಸಭಾಂಗಣ. ಅದರ ಮೇಲೆ ಟ್ರಂಪೆಟ್, ಸ್ಯಾಕ್ಸೊಫೋನ್ ಬರುವಾಗ ಅವಕ್ಕೆ ಆ ಗಾಳಿ ಇಲ್ಲ, ಅವು ಸ್ಟುಡಿಯೋದಲ್ಲಿ ನಿಂತಿವೆ. ಸ್ಪೀಕರ್ ಸರಿಯಾಗಿ ಕೂತಿದ್ದರೆ ಈ ಎರಡು ಜಾಗಗಳು ಬೇರೆಬೇರೆಯಾಗಿ ಕೇಳಿಸುತ್ತವೆ. ಎಲ್ಲ ಒಂದೇ ಗೋಡೆಗೆ ಅಂಟಿದಂತೆ ಕೇಳಿಸಿದರೆ, ಸ್ಪೀಕರನ್ನು ಗೋಡೆಯಿಂದ ಇನ್ನೊಂದು ನಾಲ್ಕು ಇಂಚು ಮುಂದಕ್ಕೆ ತನ್ನಿ, ಮತ್ತೆ ಕೇಳಿ.

ಎರಡನೆಯದು ದಿ ಸಿನೆಮ್ಯಾಟಿಕ್ ಆರ್ಕೆಸ್ಟ್ರಾದ ‘ಎವ್ರಿ ಡೇ’, 2002. ಬ್ರಿಟನ್ನಿನ ಜೇಸನ್ ಸ್ವಿನ್ಸ್ಕೋ ಕಟ್ಟಿದ ತಂಡ, ನಿಂಜಾ ಟ್ಯೂನ್ ಲೇಬಲ್. ಇಲ್ಲಿ ‘ಆಲ್ ದಟ್ ಯು ಗಿವ್’ ಹಾಡಿದವರು ಫಾಂಟೆಲಾ ಬಾಸ್. 1965ರಲ್ಲಿ ‘ರೆಸ್ಕ್ಯೂ ಮಿ’ ಹಾಡಿ ಹೆಸರಾದವರು, ಇಲ್ಲಿ ವಯಸ್ಸು ಮಾಗಿದ ದನಿ. ಕಣ್ಣು ಮುಚ್ಚಿದರೆ ಆ ದನಿ ಎರಡೂ ಸ್ಪೀಕರ್‌ಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ ನಿಲ್ಲಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಟೇಪು ಹಿಡಿದು ಎರಡೂ ಬದಿಯ ದೂರ ಅಳೆಯಿರಿ. ಒಂದೆರಡು ಇಂಚಿನ ವ್ಯತ್ಯಾಸವೂ ದನಿಯನ್ನು ಎಳೆಯುತ್ತದೆ. ಈ ರೆಕಾರ್ಡಿನಲ್ಲಿ ಡಬಲ್ ಬೇಸ್ ಇದೆ, ಬೆರಳು ತಂತಿ ಬಿಟ್ಟ ಟಕ್ ಅನ್ನುವ ಸದ್ದು ಮೊದಲು, ನಾದ ಆಮೇಲೆ. ಆ ಟಕ್ ಕೇಳಿಸಿತೇ? ಡಗ್ಗಾದಲ್ಲಿ ಬೆರಳಿನ ಪೆಟ್ಟು ಬೇರೆ, ಅಂಗೈ ಜಾರಿಸಿದ ಗುಮುಕಿ ಬೇರೆ ಕೇಳುವ ಹಾಗೆ ಇಲ್ಲೂ ಕೇಳಬೇಕು.

ಕಿವಿಗೆ ಮೃದಂಗ, ಘಟ ಹೆಚ್ಚು ಪರಿಚಯ ಇರುವವರು ನಡುವೆ ‘ಜ್ಯೋತಿ’ ಹಾಕಿ ನೋಡಿ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೋ ಜೊತೆ ಮಾಡಿದ್ದು, 1983ರಲ್ಲಿ ಇಸಿಎಂ ಲೇಬಲ್‌ನಿಂದ ಬಂತು. ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಹಾಡು. ಎಲೆಕ್ಟ್ರಾನಿಕ್ ಏನೂ ಇಲ್ಲ. ಆದರೆ ನಮಗೆ ಗೊತ್ತಿರುವ ಚರ್ಮದ ನಾದ, ಜಾಝ್‌ನ ಸ್ಯಾಕ್ಸೊಫೋನ್ ಒಂದೇ ಜಾಗದಲ್ಲಿ ಸಿಗುತ್ತವೆ. ಮೃದಂಗದ ಎಡಗೈ ಸಹಜವಾಗಿ ಕೇಳಿಸಿದರೆ ನಿಮ್ಮ ಸ್ಪೀಕರ್ ಕೂತ ಜಾಗವನ್ನು ನಂಬಬಹುದು.

ಈಗ ಯಂತ್ರದ ಬೇಸ್. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಐದು ಇಂಚಿನ ವೂಫರ್ 45-50 ಹರ್ಟ್ಜ್‌ಗಿಂತ ಕೆಳಗೆ ಸೋಲುತ್ತದೆ. ಆದರೂ 41 ಹರ್ಟ್ಜ್‌ನ ಡಬಲ್ ಬೇಸ್ ಸ್ವರ ನಮಗೆ ಕೇಳುತ್ತದೆ. ಕಾರಣ, ತಂತಿ ಮೀಟಿದಾಗ 41ರ ಜೊತೆ 82, 123, 164 ಕೂಡ ಹುಟ್ಟುತ್ತವೆ. ಮೇಲಿನವನ್ನು ಕೇಳಿಸಿಕೊಂಡು ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಸಿಂಥಸೈಜರ್‌ನ ಆಳದ ಬೇಸ್ ಹಾಗಲ್ಲ. ಅದು ಎಷ್ಟೋ ಸಲ ಶುದ್ಧ ಸೈನ್ ಅಲೆ, ಅಂದರೆ ಒಂದೇ ಒಂದು ಕಂಪನ, ಮೇಲೆ ಏನೂ ಇರುವುದಿಲ್ಲ. ಅದು 40 ಹರ್ಟ್ಜ್‌ನಲ್ಲಿ ಬಂದರೆ ಸಣ್ಣ ಸ್ಪೀಕರ್‌ನಲ್ಲಿ ಬಹುಪಾಲು ಕಳೆದುಹೋಗುತ್ತದೆ. ಅಂದರೆ ಮನುಷ್ಯರ ಬೇಸ್ ಉಳಿಯುತ್ತದೆ, ಯಂತ್ರದ ಬೇಸ್ ಬಡವಾಗುತ್ತದೆ. ಬೇಸ್ ಗುಂಡಿ ತಿರುಗಿಸಿ ಇದನ್ನು ಸರಿಪಡಿಸಲು ಹೋಗಬೇಡಿ. ಪೋರ್ಟ್ ಇರುವ ಸ್ಪೀಕರ್‌ನಲ್ಲಿ ಅಷ್ಟು ಕೆಳಗೆ ಕೋನ್‌ಗೆ ಹಿಡಿತವೇ ಇರುವುದಿಲ್ಲ, ಸುಮ್ನೆ ಒದ್ದಾಡುತ್ತದೆ, ಜೊತೆಗೆ ನಡುವಿನ ದನಿಗಳನ್ನೂ ಕೆಡಿಸುತ್ತದೆ.

ಇದನ್ನು ಕೇಳಿ ನೋಡಲು ನಾರ್ವೆಯ ನಿಲ್ಸ್ ಪೆಟ್ಟರ್ ಮೋಲ್ವೇರ್ ಅವರ ‘ಖ್ಮೇರ್’ ಇದೆ, 1997, ಇದೂ ಇಸಿಎಂ. ಉಸಿರಿನಂತೆ ಮೃದುವಾದ ಟ್ರಂಪೆಟ್, ಕೆಳಗೆ ಯಂತ್ರದ ದಪ್ಪ ಬೀಟ್. ಮತ್ತೆ ಫ್ಲೈಯಿಂಗ್ ಲೋಟಸ್ ಅವರ ‘ಕಾಸ್ಮೋಗ್ರಾಮ’, 2010. ಈ ಹೆಸರಿನಲ್ಲಿ ಸಂಗೀತ ಮಾಡುವ ಲಾಸ್ ಏಂಜಲೀಸ್‌ನ ಸ್ಟೀವನ್ ಎಲಿಸನ್‌ಗೆ ಹಾರ್ಪ್ ನುಡಿಸುತ್ತಿದ್ದ ಆಲಿಸ್ ಕೋಲ್ಟ್ರೇನ್ ಅಜ್ಜಿಯ ವರಸೆ. ಆಲಿಸ್ ಅವರ ಮಗ ರವಿ ಕೋಲ್ಟ್ರೇನ್ ಇದರಲ್ಲಿ ಸ್ಯಾಕ್ಸೊಫೋನ್ ನುಡಿಸಿದ್ದಾರೆ, ರವಿಶಂಕರ್ ಮೇಲಿನ ಅಭಿಮಾನದಿಂದ ಇಟ್ಟ ಹೆಸರು ಅದು. ಥಂಡರ್‌ಕ್ಯಾಟ್‌ನ ಬೇಸ್ ಗಿಟಾರ್ ಮಳೆಯ ವೇಗದಲ್ಲಿ ಓಡುತ್ತದೆ. ಹಾರ್ಪ್, ಕಂಪ್ಯೂಟರ್ ಸದ್ದು, ಡ್ರಮ್ಸ್ ಎಲ್ಲ ಒತ್ತೊತ್ತಾಗಿ ಇವೆ. ಮೊದಲ ದಿನವೇ ಇದನ್ನು ಹಾಕಬೇಡಿ. ಕಿವಿ ಪಳಗಿದ ಮೇಲೆ ಕೇಳಿದರೆ ಆ ಗದ್ದಲದೊಳಗೆ ಬೇಸ್ ಬೆರಳುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ, ಆ ಸಂತೋಷ ಬೇರೆ ಯಾವ ರೆಕಾರ್ಡಿನಲ್ಲೂ ನನಗೆ ಸಿಕ್ಕಿಲ್ಲ.

‘ಪ್ರಾಮಿಸಸ್’ಗೆ ರಾತ್ರಿ ಬೇಕು. ಫ್ಲೋಟಿಂಗ್ ಪಾಯಿಂಟ್ಸ್ ಹೆಸರಿನ ಸ್ಯಾಮ್ ಶೆಫರ್ಡ್, ಸ್ಯಾಕ್ಸೊಫೋನಿನ ಫರೋ ಸ್ಯಾಂಡರ್ಸ್, ಲಂಡನ್ ಸಿಂಫನಿ ಆರ್ಕೆಸ್ಟ್ರಾ ಸೇರಿ 2021ರಲ್ಲಿ ತಂದದ್ದು. ಒಂಬತ್ತು ಭಾಗ, ಸುಮಾರು 46 ನಿಮಿಷ, ಒಂದರೊಳಗೊಂದು ಹರಿಯುತ್ತದೆ. ಕ್ರಾಸ್‌ಫೇಡ್ ಆಫ್ ಮಾಡಿ ಅಂದದ್ದು ಇದಕ್ಕೇ. ಏಳು ಸ್ವರಗಳ ಒಂದು ಸಣ್ಣ ಎಳೆ ಮತ್ತೆ ಮತ್ತೆ ಬರುತ್ತದೆ, ತಂಬೂರಿಗೆ ಕಿವಿ ಕೊಟ್ಟು ಕೂತವರಿಗೆ ಇದು ಬೇಸರ ತರಿಸುವುದೇ ಇಲ್ಲ. ಆಗ ಸ್ಯಾಂಡರ್ಸ್‌ಗೆ 80 ವರ್ಷ. ಅವರು ಉಸಿರು ತೆಗೆದುಕೊಳ್ಳುವುದು, ಸ್ಯಾಕ್ಸೊಫೋನ್ ಬಿಟ್ಟು ಬಾಯಲ್ಲೇ ಗುನುಗುವುದು ಎಲ್ಲ ಕೇಳಬೇಕು. ಫ್ಯಾನ್ ನಿಲ್ಲಿಸಿ, ಫ್ರಿಜ್ ಇರುವ ಕಡೆಯ ಬಾಗಿಲು ಹಾಕಿ, ಫೋನ್ ಮಗುಚಿಡಿ. ಶುರುವಿನ ಮೆಲುದನಿ ಆರಾಮಾಗಿ ಕೇಳುವಷ್ಟು ವಾಲ್ಯೂಮ್ ಇಟ್ಟು ಅಲ್ಲಿಗೆ ಬಿಡಿ. ಆರನೆಯ ಭಾಗದಲ್ಲಿ ಪಿಟೀಲುಗಳೆಲ್ಲ ಒಟ್ಟಿಗೆ ಏಳುತ್ತವೆ, ಆಗ ಗುಂಡಿ ಮುಟ್ಟಬೇಡಿ.

ವಾಲ್ಯೂಮ್ ಬಗ್ಗೆ ಇನ್ನೊಂದು ಮಾತು. ತೀರಾ ಸಣ್ಣಗೆ ಕೇಳಿದರೆ ನಮ್ಮ ಕಿವಿಗೆ ಬೇಸ್ ಕಡಿಮೆಯಾಗಿ ಕೇಳುತ್ತದೆ, ಅದು ಕಿವಿಯ ಸ್ವಭಾವ. ತೀರಾ ಜೋರಾದರೆ ಕೋಣೆ ಗದ್ದಲ ಎಬ್ಬಿಸುತ್ತದೆ. ಎದುರಿಗೆ ಕೂತವರ ಜೊತೆ ಸ್ವಲ್ಪ ದನಿ ಏರಿಸಿ ಮಾತಾಡುವಷ್ಟು ಇದ್ದರೆ ಸರಿ. ವಾರಕ್ಕೆ 40 ಗಂಟೆಯಾದರೆ 80 ಡೆಸಿಬೆಲ್ ದಾಟಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನು ಅಕ್ಕಪಕ್ಕದವರು. ಬೇಸ್ ಗೋಡೆ ದಾಟಿ ಹೋಗುತ್ತದೆ. ನಾನು ಮೇಲಿನ ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ. “ಅಕ್ಕಾರ, ಇವತ್ತ ಸಂಜೀಕ ಸ್ವಲ್ಪ ಜೋರ ಹಾಕ್ತೇನ್ರಿ.” “ಹಾಕ್ರಿ ಸರ, ಒಂಬತ್ತರೊಳಗ ಮುಗಿಸ್ರಿ.” ಇಷ್ಟೇ ಮಾತು, ಇಬ್ಬರಿಗೂ ನೆಮ್ಮದಿ.

ಆಳದ ಬೇಸ್‌ಗೆಂದೇ ಇರುವ ಪ್ರತ್ಯೇಕ ಸ್ಪೀಕರ್, ಸಬ್‌ವೂಫರ್, ಬೇಕೇ? ‘ಖ್ಮೇರ್’, ‘ಕಾಸ್ಮೋಗ್ರಾಮ’ ಕೇಳುವಾಗ ಕೆಳಗೆ ಏನೋ ಖಾಲಿ ಇದೆ ಎಂದು ತಿಂಗಳುಗಟ್ಟಲೆ ಅನ್ನಿಸುತ್ತಲೇ ಇದ್ದರೆ ತನ್ನಿ, ಅದಕ್ಕೆ ಮೊದಲು ಬೇಡ. ತಂದಾಗ ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿ ಇಡಿ. ಒಂದು ಡಬಲ್ ಬೇಸ್ ಹಾಡು ಹಾಕಿ, ನೀವು ಗೋಡೆಯ ಉದ್ದಕ್ಕೂ ನೆಲದ ಮಟ್ಟದಲ್ಲಿ ಕಿವಿ ಇಟ್ಟು ಸರಿಯುತ್ತಾ ಹೋಗಿ. ಎಲ್ಲ ಸ್ವರಗಳೂ ಸಮನಾಗಿ ಕೇಳಿದ ಜಾಗವೇ ಅದರ ಜಾಗ. ಯಾವ ಹರ್ಟ್ಜ್‌ನ ಕೆಳಗಿನ ದನಿ ಸಬ್‌ವೂಫರ್‌ಗೆ ಹೋಗಬೇಕು ಎಂದು ಹೇಳುವ ಕ್ರಾಸ್‌ಓವರ್ ಗುಂಡಿಯನ್ನು 80 ಹರ್ಟ್ಜ್‌ನಿಂದ ಶುರುಮಾಡಿ. ಮಟ್ಟವನ್ನು ನಿಧಾನವಾಗಿ ಏರಿಸಿ, ಸಬ್‌ವೂಫರ್ ಇದೆ ಎಂದು ಕಿವಿಗೆ ಗೊತ್ತಾದ ಕೂಡಲೇ ಒಂದಿಷ್ಟು ಇಳಿಸಿ. ಆಮೇಲೆ ‘ಎವ್ರಿ ಡೇ’ ಮತ್ತೆ ಹಾಕಿ. ಬೆರಳು ತಂತಿ ಬಿಡುವ ಆ ಟಕ್ ಮೊದಲಿನಷ್ಟೇ ಸ್ಪಷ್ಟ ಇದ್ದರೆ ಕೆಲಸ ಮುಗಿಯಿತು. ಮಸುಕಾಗಿದ್ದರೆ ಇನ್ನೂ ಇಳಿಸಿ.